ಬಿಸಿಲ ಅಂಗಳದಲ್ಲಿ ಹೈಡ್ರಾಂಜಿಯ

(ಮಲೆನಾಡಿನ ರೈತ ಮಹಿಳೆಯರ ತರಬೇತಿಯಲ್ಲಿ ಮಾಡಿದ ಭಾಷಣ)



ಕೊಡಗು, ಚಿಕ್ಕಮಗಳೂರು ಕಡೆಯ ಮನೆಯಂಗಳಗಳಿಗೆ ಹೈಡ್ರಾಂಜಿಯ ಹೊಸ ಗಿಡವೇನಲ್ಲ. ಇದರ ಮೂಲ ಜಪಾನ್. ಮಳೆ, ಮಂಜು, ಹುಳಿಮಣ್ಣು ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ನೆರಳಿನ ಮರ ಹೋಗಿ ಬಿಸಿಲು ನೇರವಾಗಿ ಬೀಳುವ ಅಂಗಳದಲ್ಲಿಯೂ ಇದನ್ನು ಬೆಳೆಸಬಹುದೇ ಎಂಬುದು ಹಲವರ ಪ್ರಶ್ನೆ.

ಬೆಳೆಸಬಹುದು, ಆದರೆ ಮನೆಯ ಪೂರ್ವ ದಿಕ್ಕಿನಲ್ಲಿ. ಬೆಳಗಿನ ಬಿಸಿಲು ಹೂವಿಗೆ ಹಿತ. ಮಧ್ಯಾಹ್ನದ ಮೇಲೆ ಮನೆಯ ನೆರಳೇ ಗಿಡವನ್ನು ಕಾಯುತ್ತದೆ. ಪಶ್ಚಿಮದ ಗೋಡೆಯ ಬುಡ ಬೇಡವೇ ಬೇಡ. ಪ್ಯಾನಿಕ್ಯುಲೇಟ ಎಂಬ ಇನ್ನೊಂದು ಜಾತಿ ಹೆಚ್ಚು ಬಿಸಿಲು ತಡೆಯುತ್ತದೆ, ಆದರೆ ಅದು ಚಳಿದೇಶಗಳಲ್ಲಿ ಹೆಸರಾದದ್ದು. ನಮ್ಮಲ್ಲಿ ಸಾಮಾನ್ಯವಾಗಿರುವುದು ಅಗಲ ಎಲೆಯ ಮ್ಯಾಕ್ರೊಫಿಲ್ಲ.

ಒಂದೂವರೆ ಅಡಿ ಗುಂಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮುಂಗಾರಿನ ಆರಂಭದಲ್ಲಿ ನೆಡಿ. ಬುಡಕ್ಕೆ ಮೂರು ಅಂಗುಲ ತರಗೆಲೆ ಹೊದಿಸಿ. ಬೇಸಿಗೆಯ ನಡುಹಗಲಿನಲ್ಲಿ ಎಲೆ ಜೋತುಬಿದ್ದರೆ ಗಾಬರಿಯಿಂದ ಕೊಡಗಟ್ಟಲೆ ನೀರು ಸುರಿಯಬಾರದು. ಅಗಲ ಎಲೆಯಿಂದ ನೀರು ಆರುವಷ್ಟು ಬೇಗ ಬೇರು ಅದನ್ನು ಒದಗಿಸಲಾರದು, ಅಷ್ಟೇ. ಸಂಜೆಗೆ ಎಲೆ ಚೇತರಿಸಿಕೊಳ್ಳುತ್ತದೆ. ಮರುದಿನ ಬೆಳಿಗ್ಗೆಯೂ ಬಾಡಿದ್ದು, ಮಣ್ಣು ಒಣಗಿದ್ದರೆ ಮಾತ್ರ ನೀರು ಸಾಲದೆಂದು ತಿಳಿಯಿರಿ. ಸದಾ ಕೆಸರಾಗಿದ್ದರೆ ಬೇರು ಕೊಳೆಯುತ್ತದೆ. ಅಕ್ಕಿ ತೊಳೆದ ನೀರು ಆದೀತು, ಸಾಬೂನಿನ ನೀರು ಬೇಡ. ಬೇಸಿಗೆಯಲ್ಲಿ ಬಾವಿ ಬತ್ತುವ ಮನೆಯವರು ಎರಡು ಗಿಡಕ್ಕಿಂತ ಹೆಚ್ಚು ನೆಡದಿರುವುದೇ ಮೇಲೆಂದು ನನ್ನ ಅಭಿಪ್ರಾಯ.

ಒಂದೇ ಗಿಡದ ಕಡ್ಡಿ ಒಂದು ಮನೆಯಲ್ಲಿ ನೀಲಿ, ಪಕ್ಕದ ಮನೆಯಲ್ಲಿ ಗುಲಾಬಿ ಹೂ ಬಿಡುವುದನ್ನು ನೀವು ಕಂಡಿರಬಹುದು. ಇದು ಮಣ್ಣಿನ ಕೆಲಸ. ರಸಸಾರ 5.5ಕ್ಕಿಂತ ಕಡಿಮೆ ಇರುವ ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಕ್ಕಿ ಹೂ ನೀಲಿಯಾಗುತ್ತದೆ. ಸುಣ್ಣ ಬಿದ್ದಲ್ಲಿ ಗುಲಾಬಿಯಾಗುತ್ತದೆ. ಸುಣ್ಣ ಬಳಿದ ಗೋಡೆಯ ಪಕ್ಕದ ಗಿಡ ಬಣ್ಣ ಬದಲಿಸಲು ಕಾರಣ ಇದೇ. ನೀಲಿ ಬೇಕೆನ್ನುವವರು ಸೂಪರ್ ಫಾಸ್ಫೇಟನ್ನು ಹೆಚ್ಚಾಗಿ ಹಾಕಬಾರದು; ರಂಜಕವು ಅಲ್ಯೂಮಿನಿಯಮ್ಮನ್ನು ಹಿಡಿದಿಡುತ್ತದೆ. ಬಿಳಿ ತಳಿಗಳಿಗೆ ಈ ಉಪಾಯ ನಡೆಯದು.

ಮ್ಯಾಕ್ರೊಫಿಲ್ಲ ಹೂ ಬಿಡುವುದು ಹೆಚ್ಚಾಗಿ ಹಿಂದಿನ ವರ್ಷದ ರೆಂಬೆಗಳಲ್ಲಿ. ಆದ್ದರಿಂದ ಹೂ ಮುಗಿದ ಕೂಡಲೇ ಸವರಬೇಕು. ತಡಮಾಡಿ ಸವರಿದರೆ ಮುಂದಿನ ಹೂವಿನ ಮೊಗ್ಗೇ ಹೋಗುತ್ತದೆ. ಹೂ ಬಿಡದ ರೆಂಬೆಯ ಐದಾರು ಅಂಗುಲದ ತುಂಡುಗಳನ್ನು ಮರಳಿನಲ್ಲಿ ಊರಿ ನೆರಳಿನಲ್ಲಿಟ್ಟರೆ ಸುಲಭವಾಗಿ ಬೇರು ಬಿಡುತ್ತವೆ.

ಸವರಿದ ಸೊಪ್ಪನ್ನು ಗೋದಲೆಗೆ ಹಾಕಬೇಡಿ. ಈ ಗಿಡದ ಎಲೆ, ಮೊಗ್ಗುಗಳು ದನಕರುಗಳಿಗೆ ವಿಷ. ಗಿಡ ಕೊಟ್ಟಿಗೆಯ ದಾರಿಯಲ್ಲಿದ್ದರೆ ಬೇಲಿ ಹಾಕಿ. ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ.