ಮಲಗಿದ ಕಾಲು ಏನು ಮಾಡುತ್ತಿತ್ತು?

ಜ್ವರ ಬಂದು ಒಂದು ವಾರ ಹಾಸಿಗೆ ಹಿಡಿದಿದ್ದಿರಿ ಅನ್ನಿ. ಎದ್ದು ಬಚ್ಚಲುಮನೆಗೆ ಹೊರಟರೆ ಮೊಣಕಾಲು ನಡುಗುತ್ತದೆ, ಕೈ ತಾನಾಗಿ ಗೋಡೆ ಹುಡುಕುತ್ತದೆ. “ಜ್ವರ ಮಗೂನ ಹಿಂಡಿಬಿಟ್ಟಿದೆ” ಅನ್ನುತ್ತಾರೆ ಅಜ್ಜಿ. ಸರಿಯಾದ ಮಾತು. ಆದರೆ ಹಿಂಡಿದ್ದರಲ್ಲಿ ಹಾಸಿಗೆಯ ಪಾಲೂ ಇದೆ.

ಜ್ವರವೇ ಇಲ್ಲದವರು ಸುಮ್ಮನೆ ಮಲಗಿದರೆ? ನೆದರ್ಲ್ಯಾಂಡ್ಸ್ ದೇಶದ ಮಾಸ್ಟ್ರಿಕ್ಟ್ ಊರಿನ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಹತ್ತು ಮಂದಿ ಗಟ್ಟಿಮುಟ್ಟಾದ ಯುವಕರು ಒಂದು ವಾರ ಹಾಸಿಗೆಯಲ್ಲೇ ಇದ್ದರು. ದೇಹಕ್ಕೆ ಬೇಕಾದಷ್ಟು ಊಟವನ್ನು ಲೆಕ್ಕಹಾಕಿ ಕೊಟ್ಟಿದ್ದರು. ಆದರೂ ಕೊಬ್ಬು ಬಿಟ್ಟು ಉಳಿದ ಮೈತೂಕ ಸರಾಸರಿ 1.4 ಕಿಲೋ ಇಳಿದಿತ್ತು. ತೊಡೆಯ ಸ್ನಾಯು ಸಣ್ಣಗಾಗಿತ್ತು. ಬರೀ ಏಳೇ ದಿನದಲ್ಲಿ!

ಯಾಕೆ ಹೀಗೆ? ಸ್ನಾಯುವನ್ನು ಒಂದು ಕೆರೆ ಅಂದುಕೊಳ್ಳಿ. ತೂಬಿನಿಂದ ನೀರು ಹೋಗುತ್ತಲೇ ಇರುತ್ತದೆ, ಹಳ್ಳದಿಂದ ಬರುತ್ತಲೇ ಇರುತ್ತದೆ. ಅದಕ್ಕೇ ಮಟ್ಟ ಇಳಿಯುವುದಿಲ್ಲ. ಸ್ನಾಯುವಿನಲ್ಲಿರುವುದು ಪ್ರೋಟೀನಿನ ಎಳೆಗಳು. ಹಳೆಯವು ದಿನವೂ ಕಳಚುತ್ತವೆ, ಹೊಸವು ಹೆಣೆದುಕೊಳ್ಳುತ್ತವೆ. ಹೆಣೆಯುವ ಕೆಲಸ ಚುರುಕಾಗಿರಬೇಕಾದರೆ ಸ್ನಾಯುವಿನ ಮೇಲೆ ಭಾರ ಬೀಳಬೇಕು. ನಿಂತಾಗ, ಮೆಟ್ಟಿಲು ಹತ್ತಿದಾಗ ಇಡೀ ಮೈಯ ಭಾರ ಕಾಲಿನ ಮೇಲಿರುತ್ತದೆ. ಮಲಗಿದೆವೋ, ಆ ಭಾರವನ್ನು ಹಾಸಿಗೆ ಹೊತ್ತುಕೊಳ್ಳುತ್ತದೆ. ಹೆಣಿಗೆ ನಿಧಾನವಾಗುತ್ತದೆ, ಕಳಚುವುದು ಮಾತ್ರ ನಿಲ್ಲುವುದಿಲ್ಲ. ಕೈಗಳು ಹೇಗೂ ತುತ್ತು ಎತ್ತುತ್ತವೆ, ಹೊದಿಕೆ ಎಳೆಯುತ್ತವೆ. ಹೆಚ್ಚು ಸೊರಗುವುದು ತೊಡೆ, ಮೀನಖಂಡಗಳು.

ನನಗೆ ಬಹಳ ಅಚ್ಚರಿ ತಂದದ್ದು ಇನ್ನೊಂದು ಸಂಗತಿ. ಊಟದಿಂದ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಸ್ನಾಯುಗಳೇ. “ಬಾಗಿಲು ತೆಗೆ” ಎಂದು ಅವುಗಳಿಗೆ ಹೇಳುವ ದೂತ ಇನ್ಸುಲಿನ್. ಆ ಯುವಕರ ದೇಹ ಒಂದೇ ವಾರದಲ್ಲಿ ಇನ್ಸುಲಿನ್ ಮಾತಿಗೆ ಓಗೊಡುವುದನ್ನು ಸುಮಾರು ಶೇ. 29ರಷ್ಟು ಕಡಿಮೆ ಮಾಡಿತ್ತು.

ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲೇ ಇಂಥ ಪ್ರಯೋಗ ನಡೆದಿತ್ತು. ಇಪ್ಪತ್ತು ವರ್ಷದ ಐವರು ಮೂರು ವಾರ ಮಲಗಿದ್ದರು. ದುಡಿಯುವ ತಾಕತ್ತು ಕಾಲುಭಾಗಕ್ಕೂ ಹೆಚ್ಚು ಕುಸಿಯಿತು; ಹೃದಯವೂ ಸ್ನಾಯುವೇ ತಾನೆ, ಅದೂ ಸೊರಗಿತ್ತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಐವತ್ತರ ವಯಸ್ಸಿನಲ್ಲೂ ಅವರ ತಾಕತ್ತು, ಅಂದು ಹಾಸಿಗೆಯಿಂದ ಎದ್ದಾಗ ಇದ್ದದ್ದಕ್ಕಿಂತ ಚೆನ್ನಾಗಿತ್ತು! ಅಂದು ಎದ್ದ ಮೇಲೆ ಸುಮಾರು ಎಂಟು ವಾರ ಅವರಿಗೆ ವ್ಯಾಯಾಮ ಮಾಡಿಸಿದ್ದರು, ಕಳೆದದ್ದು ಮರಳಿತ್ತು.

ಹಾಗಂತ ಜ್ವರದಲ್ಲಿ ಎದ್ದು ಓಡಬೇಡಿ. ಕಾಯಿಲೆಯಲ್ಲಿ ವಿಶ್ರಾಂತಿ ಬೇಕೇ ಬೇಕು. ಡಾಕ್ಟರು “ಇನ್ನು ಏಳಬಹುದು” ಅಂದ ದಿನ ಜಗಲಿಯವರೆಗೆ ಹೋಗಿ, ಮರುದಿನ ಅಂಗಳದಲ್ಲಿ ಒಂದು ಸುತ್ತು. ಸುಸ್ತಾದರೆ ಅಲ್ಲೇ ಕೂತು ಒಂದು ಲೋಟ ಹಾಲು ಕುಡಿಯಿರಿ, ಊಟಕ್ಕೆ ಗಟ್ಟಿ ಬೇಳೆಯ ತೊವ್ವೆ ಕೇಳಿ. ಹೊಸ ಎಳೆ ಹೆಣೆಯಲು ಬೇಕಾದ ಪ್ರೋಟೀನು ಅವುಗಳಲ್ಲಿದೆ.