ಗಡಿನಾಡಿನ ಕೂಸು ಮಾತು ಕಲಿಯುವ ಬಗೆ



ಪ್ರೌಢಶಾಲೆಯಲ್ಲಿ ವ್ಯಾಕರಣ ಹೇಳುವ ನಮಗೆ ತೊಟ್ಟಿಲ ಕೂಸಿನ ಗೊಡವೆಯೇಕೆಂದು ತಾವು ನಗಬಹುದು. ನಾವು ವರುಷಗಟ್ಟಲೆ ಹೆಣಗಿ ಕಲಿಸುವ ವಿಭಕ್ತಿಗಳನ್ನು ಮೂರು ವರುಷದ ಕೂಸು ಒಂದು ಸೂತ್ರವನ್ನೂ ಉರುಹೊಡೆಯದೆ, “ಅವ್ವಗ ಕೊಡು, ಮನ್ಯಾಗ ಅದ” ಎಂದು ಆಡಿ ತೋರಿಸುವುದು. ಕಿರಿಯ ಮಕ್ಕಳೂ ತಮ್ಮ ನುಡಿಯಲ್ಲಿ ಜಾಣರೆಂಬ ಮಾತು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಉಂಟು.

ಕಲಿಕೆಯು ಗರ್ಭದ ಕೊನೆಯ ತಿಂಗಳುಗಳಲ್ಲಿ ಕಿವಿಯಿಂದಲೇ ಮೊದಲಾಗುವುದು. ಹುಟ್ಟಿ ಮೂರು ದಿನ ತುಂಬುವುದರೊಳಗೆ ಕೂಸು ತಾಯಿಯ ದನಿಯನ್ನು ಬೇರೆ ಹೆಣ್ಣುದನಿಗಿಂತ ಹೆಚ್ಚು ಬಯಸುವುದೆಂದು 1980ರಲ್ಲಿ ಶೋಧಕರು ತೋರಿಸಿಕೊಟ್ಟರು. ಆರು ತಿಂಗಳು ಕಳೆದ ಮೇಲೆ ಬಬ, ಮಮ, ದದ ಎಂಬ ತೊದಲು; ವರುಷದ ಸುಮಾರಿಗೆ ಮೊದಲ ಮಾತು; ಎರಡು ವರುಷದ ಹೊತ್ತಿಗೆ “ಅವ್ವಾ ಹಾಲು” ಎಂಬ ಜೋಡಿ.

ಇದರಲ್ಲಿ ನಮ್ಮನ್ನು ಬೆರಗುಗೊಳಿಸಿದ ಸಂಗತಿಯೊಂದುಂಟು. ಕೆನಡಾ ದೇಶದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ತಕಾರ ಟಕಾರಗಳನ್ನು ಕೇಳಿಸಿದರು. 6ರಿಂದ 8 ತಿಂಗಳ ಕೂಸುಗಳು ಭೇದವನ್ನು ಚೆನ್ನಾಗಿ ಗುರುತಿಸಿದುವು. ವರುಷ ತುಂಬುವಷ್ಟರಲ್ಲಿ ಆ ಕಿವಿ ಮಂದವಾಗಿತ್ತು. 1984ರಲ್ಲಿ ಪ್ರಕಟವಾದ ಶೋಧವಿದು. ಮನೆಯಲ್ಲಿ ಕೇಳದ ಭೇದವನ್ನು ಕೂಸು ಕೈಬಿಡುವುದು. ನಮ್ಮ “ಕೊಡು” “ಕೋಡು”ಗಳಲ್ಲಿ ಅರ್ಥವನ್ನೇ ಬೇರ್ಪಡಿಸುವ ಒಕಾರ ಓಕಾರಗಳ ಭೇದ ಮರಾಠಿಯಲ್ಲಿಲ್ಲ. ಮರಾಠಿಯ “ಚಾಂಗಲಾ” ಎಂಬಲ್ಲಿಯ ಹಲ್ಲಿಗೆ ತಾಗುವ ಚಕಾರ ನಮ್ಮಲ್ಲಿಲ್ಲ. ಎರಡನ್ನೂ ಕೇಳಿ ಬೆಳೆದ ಕೂಸಿಗೆ ಎರಡೂ ದಕ್ಕುವುವು.

ಉಮರಗಾ, ನಿಲಂಗಾ, ಉದಗೀರಗಳ ಕೂಸಿಗೆ ಈ ಭಾಗ್ಯವು ಬೇಡದೆ ಬಂದಿದೆ. 1956ರವರೆಗೆ ನಿಲಂಗಾ ಉದಗೀರಗಳು ಬೀದರ ಜಿಲ್ಲೆಗೇ ಸೇರಿದ್ದುವು. ಗಡಿಗೆರೆ ಸರಿದರೂ ಅಡಿಗೆಮನೆಯ ನುಡಿ ಸರಿಯಲಿಲ್ಲ. ಒಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಪೇಟೆಯಲ್ಲಿ ದಖನಿ. ನಮ್ಮ ಮನೆಯಲ್ಲಿ “ಆಯಿ” ಎಂದರೆ ಅಜ್ಜಿ, ನೆರೆಮನೆಯಲ್ಲಿ ತಾಯಿ. ಎರಡು ವರುಷದ ಕೂಸು ಅವ್ವನಿಗೆ “ನೀರು” ಎಂದೂ ನೆರೆಯ ಮಾವಶಿಗೆ “ಪಾಣಿ” ಎಂದೂ ಕೇಳುವುದನ್ನು ತಾವೆಲ್ಲ ಕಂಡಿದ್ದೀರಿ. ಇದು ಗೊಂದಲವಲ್ಲ, ವಿವೇಕ.

ಈ ವಿವೇಕವು ನಮಗೇ ಇರಲಿಲ್ಲ. ನಮ್ಮ ಕಿರಿಯ ಮಗ ಎರಡು ವರುಷವಾದರೂ ಹೆಚ್ಚು ಮಾತನಾಡದಿರಲು ಪರಿಚಿತರೊಬ್ಬರು, “ಎರಡು ಭಾಷೆಯ ಭಾರ, ಮನೆಯಲ್ಲಿ ಕನ್ನಡ ಬಿಡಿರಿ” ಎಂದರು. ಕನ್ನಡ ಪಂಡಿತರಾದ ನಾವು ಬಿಟ್ಟೆವು! ಮರಾಠಿ ಬಾರದ ನಮ್ಮ ತಾಯಿ ಎಂಟು ತಿಂಗಳು ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಮಾತು ಹೆಚ್ಚಲಿಲ್ಲ, ಇದ್ದ ಮಾತೂ ಕುಂದಿತು. ಅನಂತರ ತಿಳಿಯಿತು, ಇಂಥ ಕೂಸಿನ ಮಾತುಗಳನ್ನು ಎರಡು ನುಡಿಗಳಲ್ಲಿಯೂ ಕೂಡಿಸಿ ಎಣಿಸಬೇಕು. ಎಣಿಸಿದ್ದರೆ ಅವನ ಬೊಕ್ಕಸ ಬಡವಾಗಿರಲಿಲ್ಲ.

ಹಾಗೆಂದು ತಡವಾದುದನ್ನೆಲ್ಲ ಅಲಕ್ಷಿಸಬಾರದು. ಕರೆದರೆ ತಿರುಗದ, ವರುಷವಾದರೂ ತೊದಲದ ಕೂಸಿನ ಕಿವಿಯನ್ನು ಮೊದಲು ವೈದ್ಯರಿಗೆ ತೋರಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದಕ್ಕೆಂದೇ ಇದೆ. ಕಿವಿ ಸರಿಯಿದ್ದರೆ ಮನೆಯವರ ಕೆಲಸ ಸುಲಭ: ಸ್ನಾನ ಮಾಡಿಸುವಾಗ, ರೊಟ್ಟಿ ಬಡಿಯುವಾಗ ಕೂಸಿನೊಡನೆ ಮಾತನಾಡುವುದು, ಅದು ತೊದಲಿದುದಕ್ಕೆ ಮರುನುಡಿಯುವುದು.

ಎಂಟು ತಿಂಗಳ ಬಳಿಕ ನಾವು ತಾಯಿಯವರ ಕ್ಷಮೆ ಬೇಡಿದೆವು. ಅವರು ಅಂದು ರಾತ್ರಿಯೇ ಮೊಮ್ಮಗನಿಗೆ ಗುಬ್ಬಿ ಕಾಗೆಯ ಕಥೆ ಹೇಳತೊಡಗಿದರು. ಹದಿನೈದು ದಿನವಾದ ಮೇಲೆ ಅವನು ಅವರ ಸೆರಗು ಜಗ್ಗಿ, “ಆಯಿ, ಗುಬ್ಬಿ” ಎಂದನು.