ಪುಸ್ತಕದ ಮೇಲೆ ಜಗಳ ಆಡುವುದು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಓದಿನ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದರು. ಓದಿನಿಂದ ಏನೇನು ಲಾಭ ಎಂಬುದನ್ನು ನಿನ್ನೆಯೇ ಮೂವರು ಚೆನ್ನಾಗಿ ಹೇಳಿದ್ದಾರೆ. ಹಾಗಾಗಿ ನಾನು ಓದುವವರ ಜಗಳದ ಬಗ್ಗೆ ಮಾತಾಡುತ್ತೇನೆ. ಅಂಥ ಒಂದು ಜಗಳ ಮಾಡಿ, ಒಬ್ಬ ಒಳ್ಳೆಯ ಗೆಳೆಯನನ್ನು ಹದಿನಾಲ್ಕು ವರ್ಷ ದೂರ ಮಾಡಿಕೊಂಡವನು ನಾನು. ಜಗಳಕ್ಕೆ ಕಾರಣವಾದದ್ದು ಒಂದು ಇಂಗ್ಲಿಷ್ ವಿಜ್ಞಾನ ಕಾದಂಬರಿ, ಅದರಲ್ಲೂ ಸಿನಿಮಾಕ್ಕೆ ಅಂಟಿಕೊಂಡು ಹುಟ್ಟಿದ ಕಾದಂಬರಿ.

1977ರಲ್ಲಿ ಅಮೆರಿಕದಲ್ಲಿ 'ಸ್ಟಾರ್ ವಾರ್ಸ್' ಎಂಬ ಸಿನಿಮಾ ಬಂತು. ಇಲ್ಲಿರುವ ಮಕ್ಕಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಸಿನಿಮಾ ತೆರೆಗೆ ಬರುವ ಕೆಲವು ತಿಂಗಳ ಮೊದಲೇ, 1976ರ ಕೊನೆಯಲ್ಲಿ, ಅದರ ಕಥೆ ಪುಸ್ತಕವಾಗಿ ಅಂಗಡಿಗೆ ಬಂದಿತ್ತು. ರಕ್ಷಾಪುಟದ ಮೇಲೆ ಇದ್ದದ್ದು ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹೆಸರು, ಬರೆದವರು ಅಲನ್ ಡೀನ್ ಫಾಸ್ಟರ್. 1978ರಲ್ಲಿ ಫಾಸ್ಟರ್ ಅದೇ ಪಾತ್ರಗಳನ್ನು ಇಟ್ಟುಕೊಂಡು ಬೇರೆಯದೇ ಕಥೆಯ ಕಾದಂಬರಿ ಬರೆದರು. ಅದರಲ್ಲಿ ನಾಯಕ ಲ್ಯೂಕ್‌ಗೂ ರಾಜಕುಮಾರಿ ಲೇಯಾಗೂ ನಡುವೆ ಸಣ್ಣಗೆ ಪ್ರೀತಿಯ ಎಳೆ ಇದೆ. 1983ರ ಸಿನಿಮಾದಲ್ಲಿ ನೋಡಿದರೆ ಅವರಿಬ್ಬರೂ ಅಣ್ಣ ತಂಗಿ! ಪಾಪ, ಫಾಸ್ಟರ್ ಏನು ಮಾಡಬೇಕು? ಬರೆಯುವಾಗ ಅವರಿಗೆ ಯಾರೂ ಹೇಳಿರಲಿಲ್ಲ.

ಈ ಜಾತಿಯ ಬರವಣಿಗೆ ನಮ್ಮ ಊರಿನವರಿಗೆ ಹೊಸದೇನಲ್ಲ. ತಾಳಮದ್ದಳೆಯಲ್ಲಿ 'ವಾಲಿ ಮೋಕ್ಷ' ಇಟ್ಟುಕೊಂಡರೆ ವಾಲಿ ಸಾಯಲೇಬೇಕು, ರಾಮ ಮರೆಯಲ್ಲಿ ನಿಂತೇ ಬಾಣ ಬಿಡಬೇಕು. ರಾಮನ ಅರ್ಥ ಹೇಳುವವರು ಅದನ್ನು ಬದಲಿಸುವ ಹಾಗಿಲ್ಲ. ಪಾತ್ರ ಅವರದ್ದಲ್ಲ, ಕಥೆ ಅವರದ್ದಲ್ಲ, ಭಾಗವತರು ಹಾಡುವ ಪದ್ಯವೂ ಅವರದ್ದಲ್ಲ. ಮಾತು ಮಾತ್ರ ಅವರದ್ದು. ಸಿನಿಮಾಕ್ಕೆ ಅಂಟಿದ ಕಾದಂಬರಿ ಬರೆಯುವವರ ಸ್ಥಿತಿಯೂ ಹೆಚ್ಚು ಕಡಿಮೆ ಹೀಗೇ. ಪಾತ್ರಗಳ ಹಕ್ಕು ಕಂಪನಿಯದು. ಕಥೆಯ ಸಾರಾಂಶ ಬರೆದು ಒಪ್ಪಿಗೆ ಪಡೆಯಬೇಕು, ಬರೆದ ಮೇಲೂ ಕಂಪನಿಯವರು ಓದಿ ತಿದ್ದುತ್ತಾರೆ.

ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ನನಗೆ ತಿಮೊತಿ ಜಾನ್ ಅವರ 'ಏರ್ ಟು ದಿ ಎಂಪೈರ್' ಸಿಕ್ಕಿತು. 1991ರ ಪುಸ್ತಕ. ಸಿನಿಮಾಗಳು ನಿಂತು ಹೋಗಿ ಎಂಟು ವರ್ಷವಾದ ಮೇಲೆ ಬಂದ ಈ ಕಾದಂಬರಿ ಅಮೆರಿಕದಲ್ಲಿ ಮಾರಾಟದ ಪಟ್ಟಿಯ ತುದಿಗೆ ಏರಿತ್ತು. ಅದರ ಖಳನಾಯಕ ಥ್ರಾನ್ ಶತ್ರುಗಳ ಚಿತ್ರಕಲೆ ನೋಡಿ ಅವರ ಯುದ್ಧತಂತ್ರ ಊಹಿಸುತ್ತಾನೆ. ನನಗೆ ಹುಚ್ಚು ಹಿಡಿಯಿತು. ಅದೇ ಹುಚ್ಚಿನ ಇನ್ನೂ ಮೂವರು ಸಿಕ್ಕರು. ಭಾನುವಾರ ಒಬ್ಬರ ರೂಮಿನಲ್ಲಿ ಸೇರುವುದು, ಪುಸ್ತಕ ಬದಲಾಯಿಸಿಕೊಳ್ಳುವುದು, ಚಹಾ ಕುಡಿಯುತ್ತಾ ಕಿತ್ತಾಡುವುದು. ಆ ಮೂವರಲ್ಲಿ ಒಬ್ಬ ಟಿವಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಿದ್ದ. ಎಲ್ಲರಿಗಿಂತ ಹೆಚ್ಚು ಓದಿದವನು, ಎಲ್ಲರಿಗಿಂತ ಕಡಿಮೆ ಮಾತಾಡುವವನು.

1999ರಲ್ಲಿ 'ವೆಕ್ಟರ್ ಪ್ರೈಮ್' ಬಂತು. ಬರೆದವರು ಆರ್. ಎ. ಸಾಲ್ವಟೋರ್. ನಮ್ಮ ಕೈಗೆ ಬರುವಾಗ ಒಂದೂವರೆ ವರ್ಷ ಕಳೆದಿತ್ತು. ಅದರಲ್ಲಿ ಚ್ಯೂಬಾಕಾ ಸಾಯುತ್ತಾನೆ. ಮೈ ತುಂಬ ಕೂದಲಿರುವ, ಗುರ್ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲದ, ಗೆಳೆಯನಿಗಾಗಿ ಪ್ರಾಣ ಕೊಡುವ ಜೀವ. ಒಂದು ಗ್ರಹದ ಮೇಲೆ ಅದರ ಚಂದ್ರನೇ ಬೀಳುತ್ತಿರುತ್ತದೆ. ಗೆಳೆಯನ ಮಗನನ್ನು ಹಡಗಿಗೆ ಹತ್ತಿಸಿ ಇವನು ಹಿಂದೆ ಉಳಿಯುತ್ತಾನೆ.

ಓದುಗರು ಕೆಂಡವಾದರು. ಸಾಲ್ವಟೋರ್ ಅವರಿಗೆ ಕೋಪದ ಪತ್ರಗಳು ಬಂದವು, ಬೆದರಿಕೆಗಳೂ ಬಂದವು. ಆದರೆ ಆ ಸಾವು ಪ್ರಕಾಶಕರೂ ಲ್ಯೂಕಾಸ್ ಫಿಲ್ಮ್‌ನವರೂ ಕೂತು ತೀರ್ಮಾನ ಮಾಡಿದ್ದು. ಲೇಖಕರ ಪಾಲಿಗೆ ಬಂದದ್ದು ಅದನ್ನು ಬರೆಯುವ ಕೆಲಸ. ವಾಲಿಯನ್ನು ಕೊಂದದ್ದಕ್ಕೆ ರಾಮನ ಅರ್ಥಧಾರಿಯ ಮನೆಗೆ ಕಲ್ಲು ಹೊಡೆದ ಹಾಗೆ ಆಯಿತು ಇದು. ನಮ್ಮಲ್ಲಿ ಆ ತಪ್ಪು ಯಾರೂ ಮಾಡುವುದಿಲ್ಲ. ರಾಮ ಯಾಕೆ ಹಾಗೆ ಮಾಡಿದ ಎಂದು ಅರ್ಥಧಾರಿಯನ್ನು ಯಾರೂ ಬೈಯುವುದಿಲ್ಲ. ವಾಲಿ ಕೇಳಿದ ಪ್ರಶ್ನೆಗೆ ಈತ ಸರಿಯಾಗಿ ಉತ್ತರ ಕೊಟ್ಟನೋ ಇಲ್ಲವೋ ಎಂದು ಮಾತ್ರ ಬೆಳಗಿನ ಜಾವ ದಾರಿಯುದ್ದಕ್ಕೂ ಹೇಳುತ್ತಾ ಹೋಗುತ್ತಾರೆ. ಅದನ್ನೇನೂ ಮೆತ್ತಗೆ ಹೇಳುವುದಿಲ್ಲ ಎಂಬುದು ನಿಮಗೂ ಗೊತ್ತು.

ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ. ಆ ಭಾನುವಾರ ನನಗೆ ಇದು ಹೊಳೆಯಲಿಲ್ಲ. ಪುಸ್ತಕವನ್ನು ಚಾಪೆಯ ಮೇಲೆ ಎಸೆದು, "ಇವನೆಲ್ಲ ಲೇಖಕನೇ? ಬೇರೆಯವರ ಪಾತ್ರ, ಬೇರೆಯವರ ಕಥೆ, ಪುಟಕ್ಕಿಷ್ಟು ಅಂತ ಕೂಲಿ. ಇಂಥವರಿಗೆ ಪೆನ್ನು ಕೊಡಬಾರದು" ಎಂದೆ. ಇನ್ನೂ ಏನೇನೋ ಹೇಳಿದೆ. ಇಬ್ಬರು ನಕ್ಕರು. ಸಂಭಾಷಣೆ ಬರೆಯುವವನು ನಗಲಿಲ್ಲ. ಚಹಾ ಮುಗಿಸಿ, ಲೋಟ ತೊಳೆದಿಟ್ಟು, "ನಾಳೆ ಎಪಿಸೋಡ್ ಕೊಡಬೇಕು ಮಾರಾಯಾ" ಎಂದು ಹೊರಟ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಅವನ ಕೆಲಸ ಹೇಗೆಂದು ನನಗೆ ಗೊತ್ತಿಲ್ಲದೇ ಇರಲಿಲ್ಲ. ನಟಿಯ ಡೇಟ್ ಸಿಗಲಿಲ್ಲ ಎಂದು ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ, ಬೆಳಿಗ್ಗೆ ಆರಕ್ಕೆ ಅತ್ತೆಯ ಪಾತ್ರ ಕಾಶಿಯಾತ್ರೆಗೆ ಹೋಗಿರಬೇಕು. ಅದರಲ್ಲೂ ಒಂದು ಒಳ್ಳೆಯ ಮಾತು ಸೇರಿಸಲು ಅವನು ಒದ್ದಾಡುವುದನ್ನು ನಾನೇ ನೋಡಿದ್ದೆ. ಹೀಗಿದ್ದೂ ಬಾಯಿ ಓಡಿತು. ಪುಸ್ತಕದ ಮೇಲಿನ ಪ್ರೀತಿ ಜಾಸ್ತಿಯಾಗಿ ಆಡಿದ ಮಾತು ಎಂದು ಬಹಳ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಪ್ರೀತಿ ಇದ್ದದ್ದು ನಿಜ. ನಾಲ್ಕು ಜನರೆದುರು ಜೋರಾಗಿ ಕಾಣುವ ಆಸೆಯೂ ಇತ್ತು.

ಆಮೇಲೆ 2014ರ ಏಪ್ರಿಲ್‌ನಲ್ಲಿ ಲ್ಯೂಕಾಸ್ ಫಿಲ್ಮ್‌ನವರು, ಇಷ್ಟು ವರ್ಷ ಬಂದ ಈ ಕಾದಂಬರಿಗಳೆಲ್ಲ ಇನ್ನು ಮುಂದೆ ಅಧಿಕೃತ ಕಥೆಗೆ ಸೇರಿದವಲ್ಲ, 'ಲೆಜೆಂಡ್ಸ್' ಎಂಬ ಬೇರೆ ಸಾಲು ಎಂದು ಘೋಷಿಸಿದರು. ಇಪ್ಪತ್ತು ಮೂವತ್ತು ವರ್ಷ ಓದಿ ನೆನಪಿಟ್ಟುಕೊಂಡವರಿಗೆ ಹೊಟ್ಟೆ ಉರಿಯಿತು. ಆ ಉರಿ ನನಗೆ ಅರ್ಥವಾಗುತ್ತದೆ. ಆದರೆ ಅದು ಹೋಗಿ ಬಿದ್ದದ್ದು 2015ರಲ್ಲಿ 'ಆಫ್ಟರ್‌ಮ್ಯಾತ್' ಬರೆದ ಚಕ್ ವೆಂಡಿಗ್ ಎಂಬ ಲೇಖಕರ ಮೇಲೆ. ಪುಸ್ತಕ ಬಂದ ಕೂಡಲೇ ಒಂದೇ ನಕ್ಷತ್ರದ ವಿಮರ್ಶೆಗಳ ಮಳೆ. ಹಳೆಯ ಕಥೆಗಳನ್ನು ರದ್ದು ಮಾಡಿದ ಸಿಟ್ಟು ಕೆಲವರದು, ಕಥೆಯಲ್ಲಿ ಸಲಿಂಗಿ ಪಾತ್ರಗಳಿವೆ ಎಂಬ ಸಿಟ್ಟು ಇನ್ನು ಕೆಲವರದು. ಇವರ ನಡುವೆ, ಕಥೆ ಪೂರ್ತಿ ವರ್ತಮಾನ ಕಾಲದಲ್ಲಿದೆ, ವಾಕ್ಯಗಳು ತುಂಡು ತುಂಡಾಗಿವೆ, ಓದಲು ಎಡವುತ್ತದೆ ಎಂದು ಪುಟ ತೋರಿಸಿ ಬರೆದವರೂ ಇದ್ದರು. ಇವರ ಮಾತು ನನಗೂ ಸರಿ ಎನಿಸಿತು. ಆದರೆ ಆ ಗದ್ದಲದಲ್ಲಿ ಪುಸ್ತಕ ಓದಿ ಬೇಸರಪಟ್ಟವರಾರು, ಓದದೆ ಕಲ್ಲು ಹೊಡೆದವರಾರು ಎಂದೇ ತಿಳಿಯದ ಹಾಗಾಯಿತು. ಬೈಗುಳದಿಂದ ಹಾಳಾಗುವುದು ಲೇಖಕರ ಮನಸ್ಸೊಂದೇ ಅಲ್ಲ ನೋಡಿ, ನಿಜವಾದ ಟೀಕೆಯೂ ಅದರ ಅಡಿಯಲ್ಲಿ ಹೂತುಹೋಗುತ್ತದೆ.

ಆ ರಾಶಿಯನ್ನು ಓದುತ್ತಾ ಓದುತ್ತಾ ಒಂದು ಕಡೆ ನಿಂತೆ. ದುಡ್ಡಿಗೆ ಬರೆಯುವ ಕೂಲಿ, ಇವನ ಕೈಯಿಂದ ಪೆನ್ನು ಕಿತ್ತುಕೊಳ್ಳಬೇಕು ಎಂಬ ಧಾಟಿಯ ಮಾತು. ನನ್ನದೇ ಮಾತು ಇಂಗ್ಲಿಷಿನಲ್ಲಿ.

ಸೌಜನ್ಯ ಎಂದ ಕೂಡಲೇ ನಮ್ಮಲ್ಲಿ ಹೊಗಳಿಕೆ ಎಂದುಕೊಳ್ಳುತ್ತಾರೆ. ಪುಸ್ತಕ ಬಿಡುಗಡೆ ಸಭೆಯಲ್ಲಿ "ಅಪರೂಪದ ಕೃತಿ" ಎನ್ನುವುದು, ಹೊರಗೆ ಬಂದು ಚಹಾದಂಗಡಿಯಲ್ಲಿ ಆಡಿಕೊಳ್ಳುವುದು. ಅದಕ್ಕಿಂತ ಎದುರಿಗೆ ಆಡುವ ಜಗಳವೇ ವಾಸಿ. ಇನ್ನೊಂದು ಅಪಾಯವೂ ಇದೆ. ಇದೇ ವೆಂಡಿಗ್ ಅವರನ್ನು 2018ರಲ್ಲಿ ಮಾರ್ವೆಲ್ ಕಾಮಿಕ್ಸ್ ಕೆಲಸದಿಂದ ತೆಗೆಯಿತು. ತಾನು ಸಾರ್ವಜನಿಕವಾಗಿ ಒರಟಾಗಿ ಮಾತಾಡುತ್ತೇನೆ ಎಂಬುದೇ ತನಗೆ ಕೊಟ್ಟ ಕಾರಣ ಎಂದು ಅವರು ಹೇಳಿಕೊಂಡರು. ಸಭ್ಯತೆಯ ಕೋಲು ದೊಡ್ಡವರ ಕೈಗೆ ಸಿಕ್ಕರೆ ಯಾರ ಬೆನ್ನಿಗೆ ಬೀಳುತ್ತದೆ ಎಂಬುದನ್ನೂ ನೋಡುತ್ತಿರಬೇಕು.

ಜಗಳಗಂಟ ಓದುಗರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. 2020ರಲ್ಲಿ, ಆಗಲೇ ಎಪ್ಪತ್ತು ದಾಟಿದ್ದ ಫಾಸ್ಟರ್, ಹಕ್ಕುಗಳು ಡಿಸ್ನಿಗೆ ಹೋದ ಮೇಲೆ ತನ್ನ ಹಳೆಯ ಕಾದಂಬರಿಗಳ ರಾಯಧನ ಬಂದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಅಮೆರಿಕದ ವಿಜ್ಞಾನ ಕಥೆಗಾರರ ಸಂಘ ಅವರ ಬೆನ್ನಿಗೆ ನಿಂತಿತು. ಲ್ಯೂಕ್ ಲೇಯಾ ವಿಷಯಕ್ಕೆ ಅವರನ್ನು ನಲವತ್ತು ವರ್ಷ ಗೇಲಿ ಮಾಡಿದ ಓದುಗರೂ ದನಿ ಸೇರಿಸಿದರು.

ಗೆಳೆಯನ ಕಥೆ ಹೇಳಿ ಮುಗಿಸುತ್ತೇನೆ. 2015ರಲ್ಲಿ ಅದನ್ನೆಲ್ಲ ಓದಿದ ರಾತ್ರಿಯೇ ಅವನ ನಂಬರ್ ಹುಡುಕಿದೆ. ಮರುದಿನ ಫೋನ್ ಮಾಡಿದೆ. "ಆ ದಿನ ನಾನು ಹಾಗೆ ಹೇಳಬಾರದಿತ್ತು" ಎಂದೆ. ಯಾವ ದಿನ ಎಂದು ಅವನು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಚಂದ್ರ ಬೀಳುವ ಅಧ್ಯಾಯ ಪೂರ್ತಿ ಓದಿದ್ದೆಯಾ, ಇಲ್ಲ ಸತ್ತ ಅಂತ ಗೊತ್ತಾದ ಕೂಡಲೇ ಎಸೆದೆಯಾ?" ಎಂದ. ಎಸೆದಿದ್ದೆ. ಮತ್ತೆ ಓದಿ ಎರಡು ವಾರ ಬಿಟ್ಟು ಅವನ ಮನೆಗೆ ಹೋದೆ. ಆ ಅಧ್ಯಾಯ ಚೆನ್ನಾಗಿದೆ, ಒಪ್ಪಿದೆ. ಮೊದಲ ನೂರು ಪುಟ ಈಗಲೂ ಎಳೆದ ಹಾಗಿದೆ ಎಂದೆ. ಅವನು ಒಪ್ಪಲಿಲ್ಲ. ಅವನ ಹೆಂಡತಿ ಎರಡು ಸಲ ಊಟಕ್ಕೆ ಕರೆದು, ಕೊನೆಗೆ ನಾವಿದ್ದಲ್ಲಿಗೇ ತಟ್ಟೆ ತಂದಿಟ್ಟರು.

ಆ ಪ್ರತಿಯನ್ನು ಈವತ್ತು ನಮ್ಮ ಶಾಲೆಯ ಲೈಬ್ರರಿಗೆ ಕೊಟ್ಟಿದ್ದೇನೆ. ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಲ್ಲಿ ಬರೆದದ್ದು ನಾನು, ನೀಲಿ ಶಾಯಿಯದು ಅವನು. ಜಾಗ ಇನ್ನೂ ಸ್ವಲ್ಪ ಉಳಿದಿದೆ.